ರಕ್ತದ ವರದಿಗೆ ಸಿಗದ ಉಬ್ಬಸ

(ಶಾಲೆಯ ಸುವರ್ಣ ಮಹೋತ್ಸವದ ಎರಡನೇ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆ, ಈಗ ಬಂದಿರುವ ಕೃತಕ ಬುದ್ಧಿಮತ್ತೆ ಬಗ್ಗೆ, ಬಿ.ಇ. ಮಾಡಿದರೆ ಕೆಲಸ ಸಿಗುತ್ತದೋ ಇಲ್ಲವೋ ಅನ್ನುವುದರ ಬಗ್ಗೆ ಮಾತಾಡಿ ಎಂದರು. ಆ ಪ್ರಶ್ನೆಗಳಿಗೆ ಊಟದ ಹೊತ್ತಿನಲ್ಲಿ ಉತ್ತರ ಹೇಳುತ್ತೇನೆ. ಈಗ ಬೇರೆ ವಿಷಯ ಮಾತಾಡಲು ಅನುಮತಿ ಕೇಳಿಕೊಂಡಿದ್ದೇನೆ. ನಮ್ಮ ಬ್ಯಾಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದವರಲ್ಲಿ ಎಂಜಿನಿಯರ್ ಆದವರನ್ನು ಬೆರಳಲ್ಲಿ ಎಣಿಸಬಹುದು. ಬೆಂಗಳೂರಿನ ಗ್ಯಾರೇಜು, ಫೋಮ್ ಫ್ಯಾಕ್ಟರಿ, ಪೀಣ್ಯದ ಶೆಡ್ಡು, ಫರ್ನಿಚರ್ ಪಾಲಿಶ್ ಕೆಲಸ ಸೇರಿದವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇವತ್ತಿನ ಮಾತು ಅವರಿಗೆ ಮತ್ತು ಅವರ ಮನೆಯವರಿಗೆ.

ನಾನು ಡಾಕ್ಟರಲ್ಲ. ನನ್ನ ಕೆಲಸ ರಕ್ತ ಪರೀಕ್ಷೆ ಮಾಡುವ ಲ್ಯಾಬುಗಳಿಗೆ ಸಾಫ್ಟ್‌ವೇರ್ ಬರೆಯುವುದು. ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ನಮ್ಮ ಪ್ರೋಗ್ರಾಮು ಆ ಸಂಖ್ಯೆಯ ಪಕ್ಕದಲ್ಲಿ 'ನೆಗೆಟಿವ್' ಅಥವಾ 'ಪಾಸಿಟಿವ್' ಎಂದು ಮುದ್ರಿಸುತ್ತದೆ. ಅಲರ್ಜಿ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಗಡಿ 0.35. ಅದಕ್ಕಿಂತ ಕಡಿಮೆ ಬಂದರೆ ನೆಗೆಟಿವ್. ಪ್ರೋಗ್ರಾಮಿನಲ್ಲಿ ಅದು ಒಂದೇ ಒಂದು ಸಾಲು. ಆ ಸಾಲು ಮುದ್ರಿಸುವ ಪದವನ್ನು ಜನ ಹೇಗೆ ಓದಿಕೊಳ್ಳುತ್ತಾರೆ ಎಂಬುದೇ ನನ್ನ ವಿಷಯ.

ನನ್ನ ಸಹಪಾಠಿಯೊಬ್ಬ ಕಾರುಗಳಿಗೆ ಸ್ಪ್ರೇ ಪೇಂಟ್ ಮಾಡುತ್ತಿದ್ದ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾನೆ. ಏಳು ವರ್ಷ ಅದೇ ಕೆಲಸ, ಕೈಗೆ ಒಳ್ಳೆಯ ಹೆಸರು. ಆಮೇಲೆ ರಾತ್ರಿ ಹೊತ್ತು ಕೆಮ್ಮು ಶುರುವಾಯಿತು. ಎರಡು ಗಂಟೆ, ಮೂರು ಗಂಟೆಗೆ ಎದ್ದು ಕೂತು ಉಸಿರಿಗೆ ಒದ್ದಾಡುವುದು. ಹಗಲು ಕೆಲಸದಲ್ಲಿ ಅಷ್ಟೇನೂ ತೊಂದರೆಯಿಲ್ಲ. ಹಾಗಾಗಿ ಎಲ್ಲರೂ ಬೆಂಗಳೂರಿನ ಥಂಡಿ, ಧೂಳು, ಬಾಡಿಗೆ ಮನೆಯ ಗೋಡೆಯ ತೇವ ಅಂದುಕೊಂಡರು. ಜಾತ್ರೆಗೆಂದು ಊರಿಗೆ ಬಂದು ಎಂಟು ಹತ್ತು ದಿನ ಇದ್ದರೆ ಕೆಮ್ಮು ಇಳಿಯುತ್ತಿತ್ತು. ಅವನ ತಾಯಿ, "ಊರ ನೀರು, ಊರ ಗಾಳಿ ಕಣಪ್ಪ" ಅನ್ನುತ್ತಿದ್ದರು. ಆ ತಾಯಿ ಗಮನಿಸಿದ್ದು ಸರಿಯಾಗಿಯೇ ಇತ್ತು. ಲ್ಯಾಬಿನ ಯಾವ ಪರೀಕ್ಷೆಗಿಂತಲೂ ಮುಖ್ಯವಾದ ಮಾಹಿತಿ ಅದು. ಆದರೆ ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಕಾರಿಗೆ ಕೊನೆಯಲ್ಲಿ ಹೊಡೆಯುವ ಹೊಳಪಿನ ಪದರಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಅದು ಗಟ್ಟಿಯಾಗಲು ಹಾರ್ಡನರ್ ಬೆರೆಸುತ್ತಾರೆ. ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಹಾಸಿಗೆಯ ಫೋಮು, ಫ್ರಿಜ್ಜಿನ ಗೋಡೆಯೊಳಗಿನ ಫೋಮು, ಮರಕ್ಕೆ ಹೊಡೆಯುವ ಪಿಯು ಪಾಲಿಶ್, ಕೆಲವು ಅಂಟುಗಳು, ಇವೆಲ್ಲದರ ಹುಟ್ಟಿನಲ್ಲೂ ಇದೇ ಜಾತಿಯ ರಾಸಾಯನಿಕಗಳಿವೆ. ಜರ್ಮನಿಯಲ್ಲಿ ಒಟ್ಟೋ ಬೇಯರ್ ಎಂಬ ರಸಾಯನ ವಿಜ್ಞಾನಿ 1937ರಲ್ಲಿ ಪಾಲಿಯುರೆಥೇನ್ ತಯಾರಿಸುವ ದಾರಿ ಕಂಡುಹಿಡಿದ. 1951ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಇದರಿಂದ ಕಾರ್ಮಿಕರಿಗೆ ಅಸ್ತಮಾ ಬರುತ್ತದೆ ಎಂದು ಮೊದಲು ವರದಿ ಮಾಡಿದರು. ಅಂದರೆ ಇದು ನಮ್ಮ ಶಾಲೆಗಿಂತಲೂ ಹಳೆಯ ಸುದ್ದಿ.

ಐಸೊಸೈನೇಟ್ ಎಂದ ಕೂಡಲೇ ಹಿರಿಯರಿಗೆ ಭೋಪಾಲ್ ನೆನಪಾಗಬಹುದು. 1984ರ ಡಿಸೆಂಬರ್ 2ರ ರಾತ್ರಿ ಸೋರಿದ್ದು ಮೀಥೈಲ್ ಐಸೊಸೈನೇಟ್. ಪೇಂಟಿನಲ್ಲಿರುವುದು ಅದೇ ವಸ್ತುವಲ್ಲ, ದಾಯಾದಿ ಅನ್ನಬಹುದು, ಯಾರೂ ಗಾಬರಿಯಾಗಬೇಡಿ. ಆದರೆ ಒಂದು ಸಂಗತಿ ನಮ್ಮ ವಿಷಯಕ್ಕೆ ಸಂಬಂಧಿಸಿದೆ. ಆ ಅನಿಲ ಕುಡಿದು ಬದುಕುಳಿದವರಲ್ಲಿ 99 ಜನರ ರಕ್ತವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಆ ರಾಸಾಯನಿಕದ ವಿರುದ್ಧದ ಪ್ರತಿಕಾಯ ಕಂಡದ್ದು 11 ಜನರಲ್ಲಿ ಮಾತ್ರ. ಅದೂ ಅಲ್ಪ ಪ್ರಮಾಣದಲ್ಲಿ, ಹೆಚ್ಚಿನವರಲ್ಲಿ ಸ್ವಲ್ಪ ಕಾಲದಲ್ಲೇ ಮಾಯವಾಯಿತು. ಉಳಿದ 88 ಜನರಿಗೆ ಅನಿಲ ತಾಗಲೇ ಇಲ್ಲ ಎಂದು ಯಾರಾದರೂ ಹೇಳಲು ಸಾಧ್ಯವೇ?

ಪ್ರತಿಕಾಯ ಅಂದರೆ ಏನು ಎಂದು ಮಕ್ಕಳು ಜೀವಶಾಸ್ತ್ರದಲ್ಲಿ ಓದಿರುತ್ತೀರಿ. ಹೊರಗಿನ ವಸ್ತುವನ್ನು ಗುರುತಿಸಿ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನು. ಅದರಲ್ಲಿ ಅಲರ್ಜಿಗೆ ಸಂಬಂಧಿಸಿದ್ದು ಐಜಿಇ. ಇದನ್ನು 1960ರ ದಶಕದಲ್ಲಿ ಅಮೆರಿಕದಲ್ಲಿ ಜಪಾನಿನ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನ್ನಿಚ್ ಬೇರೆಬೇರೆಯಾಗಿ ಪತ್ತೆ ಮಾಡಿದರು. ಯಾವ ವಸ್ತುವಿನ ಮೇಲೆ ಐಜಿಇ ಹುಟ್ಟಿದೆ ಎಂದು ರಕ್ತದಲ್ಲಿ ನೋಡಿದರೆ ಅಲರ್ಜಿ ಯಾವುದಕ್ಕೆ ಎಂದು ತಿಳಿಯುತ್ತದೆ ಎನ್ನುವುದು ಪರೀಕ್ಷೆಯ ಮೂಲ ವಿಚಾರ.

ದೊಡ್ಡ ಅಣುಗಳ ವಿಷಯದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ನಮ್ಮ ಕಡೆಯ ಉದಾಹರಣೆಯನ್ನೇ ನೋಡಿ. ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ದುಡಿದವರಿಗೆ ಉಬ್ಬಸ ಬರುವುದು ಇಲ್ಲಿ ಕೂತಿರುವ ಎಷ್ಟೋ ಮನೆಗಳಿಗೆ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲೇ ಇದನ್ನು ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಗೂಡಿನಿಂದ, ಹುಳುವಿನಿಂದ ಬರುವ ಪ್ರೋಟೀನು ದೊಡ್ಡ ಅಣು. ದೇಹಕ್ಕೆ ಅದು ನೇರವಾಗಿ ಕಾಣುತ್ತದೆ, ಪ್ರತಿಕಾಯ ಹುಟ್ಟುತ್ತದೆ, ಪರೀಕ್ಷೆಗೆ ಸಿಗುತ್ತದೆ. ಬೇಕರಿಯವರ ಮೈದಾ ಹಿಟ್ಟಿನ ಅಸ್ತಮಾ ಕೂಡ ಹೀಗೆಯೇ.

ರಾಸಾಯನಿಕಗಳ ಕಥೆ ಬೇರೆ. ಐಸೊಸೈನೇಟ್ ಅಣು ಎಷ್ಟು ಚಿಕ್ಕದೆಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನು ಒಂಟಿಯಾಗಿ ಗುರುತಿಸುವುದೇ ಇಲ್ಲ. ಉತ್ತರಾಣಿ ಕಾಳು ಹೊಲದಲ್ಲಿ ತನ್ನ ಪಾಡಿಗೆ ತಾನಿದ್ದರೆ ನಮಗೆ ಲೆಕ್ಕಕ್ಕಿಲ್ಲ, ಪಂಚೆಗೆ ಅಂಟಿಕೊಂಡಾಗ ಚುಚ್ಚುತ್ತದಲ್ಲ, ಹಾಗೆ. ಈ ಅಣು ಶ್ವಾಸಕೋಶದಲ್ಲಿ, ಚರ್ಮದಲ್ಲಿ ನಮ್ಮದೇ ಪ್ರೋಟೀನುಗಳಿಗೆ, ಮುಖ್ಯವಾಗಿ ಅಲ್ಬುಮಿನ್‌ಗೆ, ಅಂಟಿಕೊಳ್ಳುತ್ತದೆ. ಅಂಟಿದ ಮೇಲೆ ಆ ಅಲ್ಬುಮಿನ್ ನಮ್ಮದಾಗಿ ಉಳಿಯುವುದಿಲ್ಲ, ರೂಪ ಬದಲಾಗುತ್ತದೆ. ದೇಹ ತಿರುಗಿಬೀಳುವುದು ಆ ಜೋಡಿಯ ಮೇಲೆ. ಹೀಗೆ ದೊಡ್ಡದರ ಬೆನ್ನೇರಿ ಗಲಾಟೆ ಮಾಡುವ ಚಿಕ್ಕ ಅಣುವಿಗೆ ಹ್ಯಾಪ್ಟೆನ್ ಎಂದು ಹೆಸರು.

ಹಾಗಾಗಿ ಲ್ಯಾಬಿನವರು ಪರೀಕ್ಷೆಗೆ ಈ ಜೋಡಿಯನ್ನೇ ತಯಾರಿಸಬೇಕು. ಮನುಷ್ಯರ ಅಲ್ಬುಮಿನ್‌ಗೆ ಐಸೊಸೈನೇಟ್ ಅಂಟಿಸಿ ಅದನ್ನು ಒಂದು ಆಧಾರದ ಮೇಲೆ ಕೂರಿಸುತ್ತಾರೆ. ಅದರ ಮೇಲೆ ರೋಗಿಯ ರಕ್ತದ ಸೀರಮ್ ಹಾಕುತ್ತಾರೆ. ಹೊಂದುವ ಐಜಿಇ ಇದ್ದರೆ ಕಚ್ಚಿಕೊಳ್ಳುತ್ತದೆ, ಇಲ್ಲದ್ದು ತೊಳೆದಾಗ ಹೋಗುತ್ತದೆ. ಕಚ್ಚಿಕೊಂಡದ್ದನ್ನು ಇನ್ನೊಂದು ಗುರುತಿನ ಪ್ರತಿಕಾಯದಿಂದ ಅಳೆಯುತ್ತಾರೆ. ತೊಡಕು ಇಲ್ಲೇ ಇದೆ. ಲ್ಯಾಬಿನಲ್ಲಿ ಮಾಡಿದ ಜೋಡಿಯೂ ಪೇಂಟರ್‌ನ ಶ್ವಾಸಕೋಶದಲ್ಲಿ ಆದ ಜೋಡಿಯೂ ಒಂದೇ ಎಂದು ಹೇಳುವಂತಿಲ್ಲ. ಎಷ್ಟು ಅಣು ಅಂಟಿದವು, ಆವಿಯಾಗಿ ಅಂಟಿಸಿದರೋ ದ್ರವವಾಗಿ ಅಂಟಿಸಿದರೋ ಎನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ. ಜೊತೆಗೆ ಗ್ಯಾರೇಜಿನ ಹಾರ್ಡನರ್‌ನಲ್ಲಿ ಬಹುಪಾಲು ಇರುವುದು ಎಚ್‌ಡಿಐ ಎಂಬ ಐಸೊಸೈನೇಟಿನ ಅಣುಗಳು ಒಂದಕ್ಕೊಂದು ಸೇರಿದ ದೊಡ್ಡ ರೂಪ, ಬಿಡಿ ಅಣು ಅದರಲ್ಲಿ ಬಹಳ ಕಡಿಮೆ. ಬಿಡಿ ಅಣುವಿನಿಂದ ತಯಾರಾದ ಪರೀಕ್ಷೆಗೆ ಆ ರಕ್ತ ಹೊಂದದೇ ಹೋಗಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಹುಡುಕುವ ಪದದ ಕಾಗುಣಿತವೇ ಬೇರೆಯಾದರೆ ಕಡತದಲ್ಲಿ ಇದ್ದದ್ದೂ ಸಿಗುವುದಿಲ್ಲ.

ಸಮಯದ ವಿಷಯವೂ ಇದೆ. ಕೆಲಸ ಬಿಟ್ಟ ಮೇಲೆ ಈ ಐಜಿಇ ರಕ್ತದಲ್ಲಿ ಇಳಿಯುತ್ತಾ ಹೋಗುತ್ತದೆ. ಬ್ರಿಟನ್ನಿನಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅದು ಅರ್ಧಕ್ಕೆ ಇಳಿಯಲು ಸುಮಾರು ಆರು ತಿಂಗಳು. ಕೊನೆಯ ಬಾರಿ ರಾಸಾಯನಿಕ ತಾಗಿದ ಒಂದು ತಿಂಗಳೊಳಗೆ ರಕ್ತ ಕೊಟ್ಟವರಲ್ಲಿ ಪರೀಕ್ಷೆ ಹೆಚ್ಚು ಉಪಯೋಗಕ್ಕೆ ಬಂತು. ನಮ್ಮವರು ಏನು ಮಾಡುತ್ತಾರೆ? ಕಾಯಿಲೆ ಜೋರಾದ ಮೇಲೆ ಕೆಲಸ ಬಿಟ್ಟು ಊರಿಗೆ ಬಂದು, ನಾಟಿ ಔಷಧ ಮಾಡಿ, ವರ್ಷ ಕಳೆದ ಮೇಲೆ ರಕ್ತ ಪರೀಕ್ಷೆಗೆ ಹೋಗುತ್ತಾರೆ.

ಇನ್ನೂ ದೊಡ್ಡ ಕಾರಣವೆಂದರೆ, ಐಸೊಸೈನೇಟ್ ಅಸ್ತಮಾ ಬಂದ ಬಹಳ ಜನರಲ್ಲಿ ಕಾಯಿಲೆ ಐಜಿಇ ದಾರಿಯಲ್ಲಿ ನಡೆಯುವಂತೆಯೇ ಕಾಣುವುದಿಲ್ಲ. ರೋಗನಿರೋಧಕ ವ್ಯವಸ್ಥೆಯ ಬೇರೆ ಕೋಶಗಳ ಕೈವಾಡ ಇದೆ ಎನ್ನುತ್ತಾರೆ, ವಿಜ್ಞಾನಿಗಳಿಗೆ ಈ ಗಂಟು ಇನ್ನೂ ಪೂರ್ತಿ ಬಿಡಿಸಲಾಗಿಲ್ಲ. ಎಲ್ಲ ರಾಸಾಯನಿಕಗಳೂ ಹೀಗಲ್ಲ. ಎಪಾಕ್ಸಿ ಗಟ್ಟಿಮಾಡಲು ಬಳಸುವ ಆಸಿಡ್ ಅನ್‌ಹೈಡ್ರೈಡ್‌ಗಳಿಂದ ಅಸ್ತಮಾ ಬಂದವರಲ್ಲಿ ಹೆಚ್ಚಿನವರ ರಕ್ತದಲ್ಲಿ ಐಜಿಇ ಸಿಗುತ್ತದೆ. ಪ್ಲಾಟಿನಮ್ ಲವಣಗಳಿಗೆ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ. ಐಸೊಸೈನೇಟ್ ವಿಷಯದಲ್ಲಿ ಮಾತ್ರ ಕಾಯಿಲೆ ಖಚಿತವಾದ 100 ಜನರ ರಕ್ತ ನೋಡಿದರೆ ಐಜಿಇ ಸಿಗುವುದು ಸುಮಾರು 20ರಿಂದ 30 ಜನರಲ್ಲಿ.

ಈ ಸಂಖ್ಯೆಯ ಮೇಲೆ ಸ್ವಲ್ಪ ನಿಲ್ಲೋಣ, ಎಸ್ಸೆಸ್ಸೆಲ್ಸಿ ಲೆಕ್ಕ ಸಾಕು. 200 ಜನ ಪೇಂಟರ್‌ಗಳಿದ್ದಾರೆ, ಅವರಲ್ಲಿ 20 ಜನರಿಗೆ ಈ ಅಸ್ತಮಾ ಇದೆ ಎಂದಿಟ್ಟುಕೊಳ್ಳಿ. ಎಲ್ಲರ ರಕ್ತವನ್ನೂ ಪರೀಕ್ಷೆ ಮಾಡಿದಿರಿ. ಸಿಕ್ಕಿಬೀಳುವವರು ನಾಲ್ಕೈದು ಅಥವಾ ಆರು ಜನ. ಉಳಿದ ಹದಿನೈದು ಜನ ಕಾಯಿಲೆಯವರು 'ನೆಗೆಟಿವ್' ಎಂಬ ಕಾಗದ ಹಿಡಿದುಕೊಂಡು ಮತ್ತೆ ಅದೇ ಬೂತಿನೊಳಗೆ ಹೋಗುತ್ತಾರೆ. ಪರೀಕ್ಷೆಯೇ ಮಾಡದಿದ್ದರೆ ಅನುಮಾನವಾದರೂ ಉಳಿದಿರುತ್ತಿತ್ತು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ನಿಯಮ: ಪರೀಕ್ಷೆಯಲ್ಲಿ ದೋಷ ಸಿಗಲಿಲ್ಲ ಎಂದರೆ ಆ ಪರೀಕ್ಷೆಗೆ ಸಿಗಲಿಲ್ಲ ಎಂದಷ್ಟೇ ಅರ್ಥ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ವಾರವೇ ಹೇಳಿಕೊಡುತ್ತೇವೆ. ಲ್ಯಾಬಿನ ಕಾಗದ ಕೈಗೆ ಬಂದ ಮನುಷ್ಯನಿಗೆ ಇದನ್ನು ಯಾರು ಹೇಳಿಕೊಡುತ್ತಾರೆ?

ಹಾಗಾದರೆ ಈ ಪರೀಕ್ಷೆ ದಂಡವೇ? ಅಲ್ಲ. ಪೇಂಟ್ ಅಥವಾ ಫೋಮ್ ಕೆಲಸ ಮಾಡುವವನಿಗೆ ಉಬ್ಬಸವಿದ್ದು, ಐಜಿಇ ಸ್ಪಷ್ಟವಾಗಿ ಏರಿದ್ದರೆ ಕಾರಣ ಅದೇ ಎಂದು ಬಹುಮಟ್ಟಿಗೆ ನಂಬಬಹುದು. ಬಂದರೆ ಬಲವಾದ ಸಾಕ್ಷಿ. ಬಾರದಿದ್ದರೆ ಏನೂ ಹೇಳಿದಂತಾಗಲಿಲ್ಲ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನೂ ಅಳೆಯುತ್ತಾರೆ. ಅದು ರಾಸಾಯನಿಕ ಮೈಗೆ ತಾಗಿದೆ ಎಂಬುದಕ್ಕೆ ಗುರುತೇ ಹೊರತು ಕಾಯಿಲೆಗೆ ಗುರುತಲ್ಲ, ಆರೋಗ್ಯವಾಗಿರುವ ಕೆಲಸಗಾರರಲ್ಲೂ ಇರುತ್ತದೆ.

ನನ್ನ ಸ್ನೇಹಿತನಿಗೆ ಮೊದಲು ಮಾಡಿದ್ದು ಇದಾವುದೂ ಅಲ್ಲ. ಒಂದು ಲ್ಯಾಬಿನಲ್ಲಿ ಒಟ್ಟು ಐಜಿಇ, ಜೊತೆಗೆ ನೂರಕ್ಕೂ ಹೆಚ್ಚು ಪದಾರ್ಥಗಳ ಅಲರ್ಜಿ ಪಟ್ಟಿ ಮಾಡಿಸಿದರು. ಸಾವಿರಾರು ರೂಪಾಯಿ ಹೋಯಿತು. ಬದನೆಕಾಯಿ ತಿನ್ನಬೇಡ, ಕಡಲೆಕಾಯಿ ಮುಟ್ಟಬೇಡ ಎಂದು ಬಂತು. ಆ ಉದ್ದನೆಯ ಪಟ್ಟಿಯಲ್ಲಿ ಅವನು ದಿನವೂ ಉಸಿರಾಡುವ ವಸ್ತುವಿನ ಹೆಸರೇ ಇರಲಿಲ್ಲ. ಒಟ್ಟು ಐಜಿಇ ಎಂಬುದು ಹೊಟ್ಟೆಯಲ್ಲಿ ಜಂತುಹುಳು ಇದ್ದರೂ ಏರುತ್ತದೆ, ಅದರಿಂದ ಕಾರಣ ತಿಳಿಯುವುದಿಲ್ಲ. ಆಮೇಲೆ ಎದೆರೋಗದ ಡಾಕ್ಟರೊಬ್ಬರು ಕೆಲಸ ಏನು ಎಂದು ಕೇಳಿ, ಐಸೊಸೈನೇಟ್ ಪರೀಕ್ಷೆಗೆ ರಕ್ತ ಕಳಿಸಿದರು. ನೆಗೆಟಿವ್ ಬಂತು. ಗ್ಯಾರೇಜಿನ ಯಜಮಾನರು ಆ ಕಾಗದ ನೋಡಿ, "ನೋಡಪ್ಪ, ಲ್ಯಾಬಿನವರೇ ಹೇಳಿದ್ದಾರೆ, ನಮ್ಮ ಪೇಂಟಿಂದ ಅಲ್ಲ" ಎಂದರಂತೆ. ಅವನು ನನಗೆ ಫೋನ್ ಮಾಡಿ, "ಏನೋ, ನೀನೇ ತಾನೇ ಈ ರಿಪೋರ್ಟು ಪ್ರಿಂಟ್ ಮಾಡೋ ಕೆಲಸ ಮಾಡೋದು, ನೆಗೆಟಿವ್ ಅಂದ್ರೆ ಏನೋ?" ಎಂದು ಕೇಳಿದ. ನಾನು ಈ ವಿಷಯ ಓದಲು ಕೂತದ್ದು ಅವತ್ತು.

ಆ ಡಾಕ್ಟರು ಕಾಗದಕ್ಕೆ ಸೋಲಲಿಲ್ಲ. ಅವನ ಕೈಗೆ ಪೀಕ್ ಫ್ಲೋ ಮೀಟರ್ ಕೊಟ್ಟರು. ಇಲ್ಲಿ ತಂದಿದ್ದೇನೆ, ನೋಡಿ. ಪ್ಲಾಸ್ಟಿಕ್ ಕೊಳವೆ, ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ಕರೆಂಟು ಬೇಡ. ಪೂರ್ತಿ ಉಸಿರು ಎಳೆದುಕೊಂಡು ಒಮ್ಮೆಗೇ ಜೋರಾಗಿ ಊದಬೇಕು, ಮುಳ್ಳು ಮುಂದಕ್ಕೆ ಹೋಗುತ್ತದೆ. ಮೂರು ಸಲ ಊದಿ ಅದರಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ದಿನಕ್ಕೆ ಕನಿಷ್ಠ ನಾಲ್ಕು ಹೊತ್ತು: ಎದ್ದ ಕೂಡಲೇ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ರಾತ್ರಿ ಉಬ್ಬಸದಿಂದ ಎಚ್ಚರವಾದರೆ ಆಗಲೂ. ಹೀಗೆ ನಾಲ್ಕು ವಾರ. ಅದರಲ್ಲಿ ಕೆಲಸದ ದಿನಗಳೂ ಇರಬೇಕು, ರಜೆಯ ದಿನಗಳೂ ಇರಬೇಕು. ಒಂದು ಭಾನುವಾರದ ರಜೆ ಸಾಲದು, ಕೆಲವರಿಗೆ ಉಸಿರು ತಿಳಿಯಾಗಲು ವಾರವೇ ಬೇಕಾಗುತ್ತದೆ. ಹಾಗಾಗಿ ಒಂದೆರಡು ವಾರ ಒಟ್ಟಿಗೆ ರಜೆ ಸಿಕ್ಕರೆ ಒಳ್ಳೆಯದು. ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ತೆಗೆದುಕೊಂಡದ್ದನ್ನೂ ಬರೆಯಬೇಕು.

ನನ್ನ ವೃತ್ತಿಯವರಿಗೆ ಖುಷಿ ಕೊಡುವ ವಿಷಯವೊಂದಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾ. ಶೆರ್ವುಡ್ ಬರ್ಜ್ ಮತ್ತು ಅವರ ಜೊತೆಯವರು ಈ ಸಂಖ್ಯೆಗಳನ್ನು ಓದಿ, ಕೆಲಸಕ್ಕೂ ಉಸಿರಿಗೂ ಸಂಬಂಧ ಇದೆಯೇ ಎಂದು ಅಂಕ ಕೊಡುವ ಓಯಸಿಸ್ ಎಂಬ ಪ್ರೋಗ್ರಾಮು ಮಾಡಿದ್ದಾರೆ. ಆದರೆ ಸ್ನೇಹಿತನ ನೋಟ್‌ಬುಕ್ಕಿಗೆ ಪ್ರೋಗ್ರಾಮು ಬೇಕಾಗಲಿಲ್ಲ. ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಗೆರೆ ಎಳೆದರೆ, ಸೋಮವಾರದಿಂದ ಶನಿವಾರದವರೆಗೆ ಇಳಿಜಾರು, ಊರಿಗೆ ಬಂದ ಹತ್ತು ದಿನ ಏರು. ಏಳನೇ ತರಗತಿಯ ಮಗು ನೋಡಿದರೂ ಹೇಳುತ್ತಿತ್ತು.

ರಾತ್ರಿಯೇ ಯಾಕೆ ಕೆಮ್ಮು ಎಂಬುದಕ್ಕೂ ಉತ್ತರವಿದೆ. ಈ ರಾಸಾಯನಿಕಗಳಿಗೆ ಶ್ವಾಸನಾಳ ಹಲವು ಸಲ ತಡವಾಗಿ ಪ್ರತಿಕ್ರಿಯಿಸುತ್ತದೆ, ಉಸಿರಾಡಿದ ನಾಲ್ಕರಿಂದ ಎಂಟು ಗಂಟೆ ಆದ ಮೇಲೆ. ಮಧ್ಯಾಹ್ನ ಹೊಡೆದ ಪೇಂಟು ರಾತ್ರಿ ಮನೆಯಲ್ಲಿ ಕೆಮ್ಮಿಸುತ್ತದೆ. 1970ರ ದಶಕದಲ್ಲಿ ಲಂಡನ್ನಿನ ಜ್ಯಾಕ್ ಪೆಪಿಸ್ ಎಂಬ ವೈದ್ಯರು ಇದನ್ನು ಆಸ್ಪತ್ರೆಯಲ್ಲೇ ತೋರಿಸಿದರು. ರೋಗಿಯನ್ನು ಪುಟ್ಟ ಕೋಣೆಯಲ್ಲಿ ಕೂರಿಸಿ, ಅವನು ಕೆಲಸದಲ್ಲಿ ಬಳಸುವ ವಾರ್ನಿಶ್ಶನ್ನೇ ಅವನ ಕೈಯಲ್ಲಿ ಬಳಿಸಿ, ಆಮೇಲೆ ಗಂಟೆಗಟ್ಟಲೆ ಉಸಿರು ಅಳೆಯುವುದು. ಇವತ್ತಿಗೂ ಖಚಿತವಾದ ಪರೀಕ್ಷೆ ಅದೇ ಬಗೆಯದು. ಆದರೆ ತಜ್ಞರ ಕಾವಲಿನಲ್ಲಿ ಮಾತ್ರ ಮಾಡುವಂಥದ್ದು, ಕೆಲವೇ ಕಡೆ ಇದೆ. ಯಾರೂ ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ.

ತಡ ಮಾಡಿದರೆ ಏನಾಗುತ್ತದೆ? ಒಮ್ಮೆ ದೇಹ ಈ ವಸ್ತುವಿಗೆ ತಿರುಗಿಬಿದ್ದರೆ ಆಮೇಲೆ ಅತಿ ಕಡಿಮೆ ಪ್ರಮಾಣವೂ ಸಾಕು. ಕೆಲಸದ ಜಾಗದ ಗಾಳಿಯಲ್ಲಿ ಎಚ್‌ಡಿಐ ದಿನದ ಸರಾಸರಿ ನೂರು ಕೋಟಿಗೆ 5 ಭಾಗ ಮೀರಬಾರದು ಎಂದು ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಸ್ಥೆ ಹೇಳುತ್ತದೆ. ಮೂಗಿಗೆ ವಾಸನೆ ತಿಳಿಯುವಷ್ಟು ಇದ್ದರೆ ಆಗಲೇ ಮಿತಿ ದಾಟಿರುತ್ತದೆ. ಗ್ಯಾರೇಜಿನಲ್ಲಿ ಮೂಗಿಗೆ ಬಡಿಯುವುದು ಥಿನ್ನರ್ ವಾಸನೆ, ಅದು ಬೇರೆ. ಕರ್ಚೀಫು, ಬಟ್ಟೆ ಮಾಸ್ಕು ಇದಕ್ಕೆ ತಡೆಯಲ್ಲ, ಸ್ಪ್ರೇ ಮಾಡುವವರಿಗೆ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮುಖವಾಡ ಬೇಕು. ಬರಿಗೈಯಲ್ಲಿ ಹಾರ್ಡನರ್ ಕಲಸುವುದೂ ತಪ್ಪು, ಚರ್ಮದ ಮೂಲಕವೂ ದೇಹ ಇದನ್ನು ಪರಿಚಯ ಮಾಡಿಕೊಳ್ಳುತ್ತದೆ. ಯುರೋಪಿನ ದೇಶಗಳಲ್ಲಿ 2023ರ ಆಗಸ್ಟ್ 24ರಿಂದ, ಇಂಥ ರಾಸಾಯನಿಕ ಶೇಕಡ 0.1ಕ್ಕಿಂತ ಹೆಚ್ಚಿರುವ ಸಾಮಾನು ಬಳಸುವ ಕೆಲಸಗಾರರು ತರಬೇತಿ ಪಡೆದಿರಲೇಬೇಕು. ನಮ್ಮಲ್ಲಿ ಡಬ್ಬದ ಮೇಲೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಬರೆದಿರುತ್ತದೆ, ಅಷ್ಟೇ.

ಕೆಲಸ ಬದಲಿಸಿದವರಲ್ಲೂ ಪೂರ್ತಿ ಗುಣವಾಗುವವರು ಸುಮಾರು ಮೂರನೇ ಒಂದು ಭಾಗ. ಬೇಗ ಬಿಟ್ಟವರಿಗೆ ಹೆಚ್ಚು ಆಸೆ, ವರ್ಷಗಟ್ಟಲೆ ಎಳೆದವರಿಗೆ ಕಡಿಮೆ. ನನ್ನ ಸ್ನೇಹಿತ ಈಗ ಗೂಡ್ಸ್ ಆಟೊ ಓಡಿಸುತ್ತಾನೆ. ರಾತ್ರಿ ಮಲಗುತ್ತಾನೆ, ಆದರೆ ಇನ್‌ಹೇಲರ್ ಜೇಬಿನಲ್ಲೇ ಇದೆ. ಸಂಪಾದನೆ ಮೊದಲಿಗಿಂತ ಕಡಿಮೆ. ಕೆಲಸ ಬಿಡು ಎಂದು ಹೇಳುವುದು ನಮಗೆ ಸುಲಭ, ಸಾಲ ಇರುವವನಿಗೆ ಸುಲಭವಲ್ಲ, ಅದು ನನಗೆ ಗೊತ್ತು.

ಕಾನೂನು ಪೂರ್ತಿ ಕುರುಡಲ್ಲ. ಕೆಲಸದಿಂದ ಬಂದ ಅಸ್ತಮಾ ಪರಿಹಾರ ಕೊಡಬೇಕಾದ ವೃತ್ತಿರೋಗಗಳ ಪಟ್ಟಿಯಲ್ಲಿದೆ. 1948ರ ಕಾರ್ಖಾನೆ ಕಾಯ್ದೆಯ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಐಸೊಸೈನೇಟ್ ವಿಷಬಾಧೆಯ ಹೆಸರನ್ನೇ ಸೇರಿಸಿದ್ದರು. ಆದರೆ ಇಎಸ್‌ಐ ಸಾಮಾನ್ಯವಾಗಿ 10 ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆಗೆ, ನಾಲ್ಕು ಜನರ ಗ್ಯಾರೇಜು ಅದರ ಹೊರಗೆ ಉಳಿಯುತ್ತದೆ. ಇಎಸ್‌ಐ ಕಾರ್ಡ್ ಇರುವವರು ಆಸ್ಪತ್ರೆಯಲ್ಲಿ ನೀವು ಮಾಡುವ ಕೆಲಸ, ಬಳಸುವ ಸಾಮಾನು, ಎಷ್ಟು ವರ್ಷ ಎನ್ನುವುದನ್ನು ಚೀಟಿಯಲ್ಲಿ ಬರೆಸಿ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣದ ಕೇಂದ್ರ ನಮ್ಮ ಬೆಂಗಳೂರಿನಲ್ಲೇ, ದೇವನಹಳ್ಳಿ ಕಡೆ ಇದೆ, ಡಾಕ್ಟರಿಗೆ ಸಂದೇಹವಿದ್ದರೆ ಅಲ್ಲಿ ವಿಚಾರಿಸಬಹುದು.

ಡಾಕ್ಟರ ಹತ್ತಿರ ಹೋಗುವಾಗ ಹಾರ್ಡನರ್ ಡಬ್ಬದ ಹಿಂಬದಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಕೆಲಸದಲ್ಲಿರುವಾಗಲೇ, ಬಿಟ್ಟು ತಿಂಗಳುಗಳಾಗುವ ಮೊದಲೇ, ತೋರಿಸಿ. ಕೆಲಸಕ್ಕೆ ಮಗನನ್ನು ಕಳಿಸಿರುವ ತಾಯಂದಿರಿಗೆ ಒಂದು ಮಾತು: ಮಗ ಹಬ್ಬಕ್ಕೆ ಬಂದಾಗ ಕೆಮ್ಮು ಇಳಿದು, ವಾಪಸ್ಸು ಹೋದ ಮೇಲೆ ಫೋನಿನಲ್ಲಿ ಮತ್ತೆ ಕೆಮ್ಮು ಕೇಳಿಸಿದರೆ, ಕ್ಯಾಲೆಂಡರಿನ ಮೇಲೆ ತಾರೀಖು ಗುರುತು ಹಾಕಿ. ಆ ಕ್ಯಾಲೆಂಡರ್ ಹಾಳೆಯನ್ನೂ ಡಾಕ್ಟರಿಗೆ ತೋರಿಸಲಿ.

ನಮ್ಮ ಬ್ಯಾಚಿನವರು ಸೇರಿ ನಾಲ್ಕು ಪೀಕ್ ಫ್ಲೋ ಮೀಟರ್, ಬಿಡಿಬಿಡಿಯಾಗಿ ಊದುವ ಕೊಳವೆಗಳು ಮತ್ತು ಗ್ರಾಫ್ ಪುಸ್ತಕಗಳನ್ನು ಶಾಲೆಗೆ ಕೊಟ್ಟಿದ್ದೇವೆ. ವಿಜ್ಞಾನದ ಮೇಷ್ಟ್ರ ಹತ್ತಿರ ಇರುತ್ತವೆ, ಹೆಸರು ಬರೆಸಿ ಒಂದು ತಿಂಗಳಿಗೆ ತೆಗೆದುಕೊಂಡು ಹೋಗಬಹುದು. ಊದುವುದು ಹೇಗೆ ಎಂದು ಈಗ ಹತ್ತನೇ ತರಗತಿಯ ಮಕ್ಕಳು ತೋರಿಸುತ್ತಾರೆ. ಮೈಕು ಅವರಿಗೆ ಕೊಡುತ್ತೇನೆ.